ಹಿಂದಲೆಯ ಅತ್ತೆ

ಮೊನ್ನೆ ನಮ್ಮ ಓಣಿಯ ಹೆಂಗಸೊಬ್ಬಳು ಬಂದು ನನ್ನ ಮುಂದೆ ಕೂತು ಅತ್ತಳು. ಅವಳ ಮಗಳಿಗೆ ಜ್ವರವೇನೋ ಬಿಟ್ಟಿದೆ. ಆದರೆ ಹುಡುಗಿ ನಿಂತರೆ ತೂರಾಡುತ್ತಾಳೆ, ಮಾತು ಎಳೆಯುತ್ತಾಳೆ, ಲೋಟ ಬಾಯಿಗೆ ಒಯ್ದರೆ ನೀರೆಲ್ಲ ಎದೆಯ ಮೇಲೆ. “ಯಾರಿಗೂ ಬರಲಾರದ ಜಡ್ಡು ನನ್ನ ಮಗಳಿಗ್ಯಾಕ ಬಂತು ಯವ್ವಾ?” ಎಂದಳು. ಯಾರಿಗೂ ಬರಲಾರದ್ದಂತೆ! ನನಗೆ ನಗುವೂ ಬಂತು, ಬೈಯಬೇಕೆಂದೂ ಅನ್ನಿಸಿತು. “ನಂಗ ಬಂದಿತ್ತು. ಕಣ್ಣೀರು ಒರಸ್ಕೊ. ಕುಂದ್ರು, ಹೇಳ್ತೀನಿ” ಎಂದೆ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ. ಗೋಡೆ ಹಿಡಿದು ನಡೆಯುವ ಇನ್ನೊಬ್ಬರು ಎಲ್ಲಾದರೂ ಇದ್ದರೆ, ಅವರೂ ಕೇಳಲಿ.

ನನ್ನ ತವರು ಯಲಬುರ್ಗಾ ಕಡೆಯ ಮಂಗಳೂರು. ಸಮುದ್ರದ ಮಂಗಳೂರಲ್ಲ. ನಮ್ಮ ಮಂಗಳೂರಲ್ಲಿ ನೀರು ನೋಡಬೇಕೆಂದರೆ ಬಾವಿಯೊಳಗೆ ಬಗ್ಗಬೇಕು. ಕಪ್ಪು ಮಣ್ಣಿನ ಎರೆ ಹೊಲ, ಜೋಳ, ಸಜ್ಜೆ, ಶೇಂಗಾ, ಇಷ್ಟೇ ನಮ್ಮ ಲೋಕ. ನನ್ನನ್ನು ಕೊಟ್ಟದ್ದು ಗಂಗಾವತಿ ಹತ್ತಿರದ ಮರಳಿ ಎಂಬ ಊರಿಗೆ. ಅಲ್ಲಿ ಎತ್ತ ತಿರುಗಿದರೂ ಹಳೆಯ ರಾಜರ ಕಾಲದ ಕಾಲುವೆ, ಭತ್ತದ ಗದ್ದೆ, ಸಂಜೆಯಾದರೆ ಕಪ್ಪೆಗಳ ಗದ್ದಲ. ಮದುವೆಯಾಗಿ ಹೋದ ಹೊಸತರಲ್ಲಿ ಇಷ್ಟು ನೀರು ಯಾರಿಗೆ ಬೇಕಪ್ಪಾ ಎಂದು ನನಗೆ ಅಂಜಿಕೆಯೇ ಆಗಿತ್ತು.

ಭತ್ತದ ಊರಿಗೆ ಜೋಳದ ಊರಿನ ಹುಡುಗಿಯನ್ನು ತಂದದ್ದಕ್ಕೆ ಕಾರಣವಿತ್ತು. ನನ್ನ ಮಾವ ಕುಷ್ಟಗಿ ಕಡೆಯ ಮನೆತನದವರು. ರೊಟ್ಟಿ ಇಲ್ಲದಿದ್ದರೆ ಅವರಿಗೆ ಊಟವೇ ಅಲ್ಲ. ಅತ್ತೆ ನೀಲವ್ವ ಗದ್ದೆ ಸೀಮೆಯಲ್ಲೇ ಹುಟ್ಟಿ ಅನ್ನ ಉಂಡು ಬೆಳೆದವರು. ಅವರ ಕೈಯ ರೊಟ್ಟಿ ನಡುವೆ ದಪ್ಪ, ಅಂಚಿನಲ್ಲಿ ಹರಕು, ಹಂಚಿನಿಂದ ಇಳಿದ ಮೇಲೆ ಮುರಿಯಲು ಎರಡು ಕೈ ಬೇಕು. ಮಾವ ವರ್ಷಾನುಗಟ್ಟಲೆ ಅದನ್ನೇ ತಿಂದು, ಮಗನಿಗೆ ಹೆಣ್ಣು ನೋಡುವ ಹೊತ್ತಿಗೆ ಹಠ ಹಿಡಿದರು, ಎರೆ ಸೀಮೆಯ ಸೊಸೆಯೇ ಬೇಕು. ಕನ್ಯೆ ನೋಡಲು ನಮ್ಮ ಮನೆಗೆ ಬಂದವರು ಪಡಸಾಲೆಯಲ್ಲಿ ಕೂತು, ಒಳಗೆ ನಾನು ರೊಟ್ಟಿ ಬಡಿಯುವ ಸಪ್ಪಳ ಕೇಳಿದರು. “ಸಾಕು, ಇದ ಹುಡುಗಿ ಆತು” ಎಂದರಂತೆ. ನನ್ನ ಮುಖ ಆಮೇಲೆ ನೋಡಿದರು.

ಆಗ ದೊಡ್ಡ ಯುದ್ಧ ನಡೆದಿತ್ತು. ನಮ್ಮದು ನಿಜಾಮರ ಸೀಮೆ. ಯುದ್ಧ ಎಲ್ಲಿಯದೋ ಏನೋ, ಆದರೆ ಚಳಿಜ್ವರಕ್ಕೆ ಕೊಡುವ ಕ್ವಿನೈನ್ ಗುಳಿಗೆ ಮಾತ್ರ ನಮ್ಮಲ್ಲಿ ಸಿಗದಂತಾಗಿತ್ತು. ಮರಳಿಯಲ್ಲಿ ನನ್ನ ಮೊದಲ ಮಳೆಗಾಲಕ್ಕೇ ಜ್ವರ ನನ್ನನ್ನು ಹಿಡಿಯಿತು. ಒಣ ಸೀಮೆಯ ರಕ್ತ ಇಲ್ಲಿಯ ಸೊಳ್ಳೆಗಳಿಗೆ ಭಾಳ ರುಚಿ ಎಂದು ನಮ್ಮ ಮನೆಯವರು ನನ್ನನ್ನು ಕಾಡಿಸುತ್ತಿದ್ದರು. ನಮ್ಮ ಮನೆಯವರೆಂದರೆ ನನ್ನ ಗಂಡ. ಹೆಸರು ಹೇಳುವ ರೂಢಿ ನನಗಿಲ್ಲ, ಈಗ ಈ ವಯಸ್ಸಿಗೆ ಕಲಿಯಲಾರೆ. ಜ್ವರ ಏರಿದ ದಿನ ಅವರೇ ಗಂಗಾವತಿಯೆಲ್ಲ ತಿರುಗಿ ಎಲ್ಲಿಂದಲೋ ಗುಳಿಗೆ ತಂದರು. ಅತ್ತೆ ಹಣೆಗೆ ಒದ್ದೆ ಬಟ್ಟೆ ಹಾಕಿ ಹಾಕಿ ಜ್ವರ ಇಳಿಸಿದರು.

ಇಳಿಯಿತು. ನಾನು ಎದ್ದೆ. ಎದ್ದವಳ ಕಾಲ ಕೆಳಗೆ ನೆಲ ನಿಲ್ಲಲಿಲ್ಲ. ಬಂಡಿಯ ಒಂದು ಗಾಲಿ ತಗ್ಗಿಗೆ ಇಳಿದಾಗ ಒಳಗೆ ಕೂತವರು ವಾಲುತ್ತಾರಲ್ಲ, ಹಾಗೆ ಮನೆಯೇ ವಾಲಿತು. ಕಂಬ ಹಿಡಿಯಹೋದರೆ ಕೈ ಕಂಬ ದಾಟಿ ಆಚೆ ಹೋಯಿತು. ವಾಂತಿಯಾಯಿತು. ಎರಡು ದಿನ ಹೀಗೇ ಆಯಿತು. ಮೂರನೆಯ ದಿನ ಅತ್ತೆ ನನ್ನ ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿದರು. “ಪಾರೂ, ಈ ತಿಂಗಳ ನೀರು ಹಾಕ್ಕೊಂಡಿಯೋ ಇಲ್ಲೋ?”

ಇಲ್ಲವೆಂದು ತಲೆ ಅಲ್ಲಾಡಿಸಿದೆ. ಅಷ್ಟೇ ಸಾಕಾಯಿತು. ತಲೆ ತಿರುಗುವುದು, ವಾಂತಿ, ಮುಟ್ಟು ನಿಂತದ್ದು, ಹೊಸ ಸೊಸೆ! ಇನ್ನೇನು ಬೇಕು? ಜ್ವರ ಉಂಡ ಮೈಗೆ ಮುಟ್ಟು ತಪ್ಪುತ್ತದೆಂದು ಯಾರಿಗೆ ನೆನಪಿರುತ್ತದೆ? ಅತ್ತೆ ನನ್ನ ಗಲ್ಲ ಹಿಡಿದು ಲಟಿಕೆ ಮುರಿದರು. ನಾನೂ ನಂಬಿದೆ. ಸುಳ್ಳು ಹೇಳುವುದೇಕೆ, ಸಂತೋಷಪಟ್ಟೆ.

ಮರುದಿನ ಬಳೆಗಾರ ಇಮಾಮಸಾಬರು ಬಂದರು. ಅತ್ತೆ ನನ್ನನ್ನು ಕೂಡಿಸಿ ಹಸಿರು ಬಳೆ ಇಡಿಸಿದರು. ನನ್ನ ಕೈ ಒಂದೆಡೆ ನಿಲ್ಲಲಿಲ್ಲ, ಬಳೆ ಪಟಪಟ ಒಡೆದವು. “ಅಂಜಬ್ಯಾಡವ್ವಾ ಬೇಟಿ, ಮೊದಲನೇ ಬಸಿರಾಗ ಹಿಂಗ ಕೈ ನಡಗತಾವ” ಎಂದರು ಇಮಾಮಸಾಬರು. ಅತ್ತೆ ತಲೆದೂಗಿದರು. ಇಮಾಮಸಾಬರು ಅಲ್ಲಿಂದ ಯಲಬುರ್ಗಾ ಸಂತೆಗೆ ಹೋದರು. ಮುಂದೆ ಹೇಳಬೇಕಿಲ್ಲ. ಮಂಗಳೂರಿನ ಯಾವ ಹೆಂಗಸು ಬಳೆ ಇಡಿಸಿಕೊಂಡಳೋ ಅವಳಿಗೆಲ್ಲ ನಾನು ಬಸುರಿ ಎಂಬ ಸುದ್ದಿ ಬಳೆಯ ಜೊತೆಗೇ ಸಿಕ್ಕಿತು.

ಇತ್ತ ನನ್ನ ಅವಸ್ಥೆ ದಿನದಿನಕ್ಕೆ ಬೇರೆಯೇ ಆಗುತ್ತಿತ್ತು. ವಾಂತಿ ಕಡಿಮೆಯಾಯಿತು, ಮಾತು ಕೆಟ್ಟಿತು. ನಾಲಗೆಗೆ ಯಾರೋ ಕಲ್ಲು ಕಟ್ಟಿದ ಹಾಗೆ ಒಂದೊಂದು ಅಕ್ಷರವೂ ಎಳೆದುಕೊಂಡು ಬರುತ್ತಿತ್ತು. ಒಂದು ಮುಂಜಾನೆ ಹಠ ಮಾಡಿ ರೊಟ್ಟಿಗೆ ಕೂತೆ. ಹಿಟ್ಟು ಹೇಗೋ ನಾದಿದೆ. ಬಡಿಯಹೋದರೆ, ದೇವರೇ, ಕೈ ಒಮ್ಮೆ ಹಿಟ್ಟಿನ ಮೇಲೆ, ಒಮ್ಮೆ ಹಲಗೆಯ ಅಂಚಿಗೆ, ಒಮ್ಮೆ ಬರಿ ನೆಲಕ್ಕೆ. ಹುಟ್ಟಿದಾಗಿನಿಂದ ಕಿವಿಯಲ್ಲಿದ್ದ ಸಪ್ಪಳ ನನ್ನ ಕೈಯಿಂದ ಹೊರಡಲೇ ಇಲ್ಲ. ಬಸುರಿಗೆ ಕೈ ಯಾಕೆ ಮರೆಯುತ್ತದೆ? ಆ ಹೊತ್ತು ನನಗೆ ಅನುಮಾನ ಬಂತು, ಹೊಟ್ಟೆಯಲ್ಲಿ ಕೂಸಿಲ್ಲ, ಏನೋ ಬೇರೆ ಇದೆ. ಹರಿದ ಹಿಟ್ಟಿನ ಮುಂದೆ ಕೂತು ಬಿಕ್ಕಿ ಬಿಕ್ಕಿ ಅಳತೊಡಗಿದೆ.

ನನ್ನ ಅವ್ವ ಬಂದದ್ದು ಅದೇ ವಾರ. ಮೊದಲ ಬಸಿರಿನ ಮಗಳಿಗೆ ತವರಿನವರು ಬಯಕೆಯ ಬುತ್ತಿ ತರುವುದು ನಮ್ಮಲ್ಲಿ ಪದ್ಧತಿ. ಅವ್ವ ಬಂಡಿಯಿಂದ ಇಳಿದಳು, ತಲೆಯ ಮೇಲೆ ಬುಟ್ಟಿ, ಮುಖದ ತುಂಬ ನಗು. ಬುಟ್ಟಿಯಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಕರ್ಚಿಕಾಯಿ, ಹಸಿರು ಕುಬಸ. ನಾನು ಅಂದೇ ಮುಂಜಾನೆ ಮುಟ್ಟಾಗಿದ್ದೆ. ಅದನ್ನು ಅತ್ತೆಗೆ ಹೇಳಲು ಇನ್ನೂ ಬಾಯಿ ಬಂದಿರಲಿಲ್ಲ. ಅವ್ವನನ್ನು ಕಂಡವಳೇ ಎರಡೂ ಕಾಲು ಅಗಲಿಸಿ, ಆ ಕಡೆ ಈ ಕಡೆ ವಾಲುತ್ತಾ ಓಡಿದೆ. ಅಂಗಳದ ನಡುವೆ ಬಿದ್ದೆ.

“ಯವ್ವಾ, ಏನಾಗೈತಿ ನನ್ನ ಮಗಳಿಗೆ?” ಎಂದಳು ಅವ್ವ. ನಾನು ಬಾಯಿ ತೆರೆದೆ. ನನ್ನ ಮಾತು ಕೇಳಿದ್ದೇ ಅವಳ ಮುಖ ಬಿಳಿಚಿತು. ಅವಳು ನನ್ನನ್ನು ತಬ್ಬಿ, ಬಸಿರಿಲ್ಲವೆಂಬುದನ್ನೂ ತಾನೇ ಕೇಳಿ ತಿಳಿದುಕೊಂಡು, ಬುಟ್ಟಿಯನ್ನು ಪಡಸಾಲೆಯಲ್ಲಿಟ್ಟಳು. ಯಾರೂ ಅದನ್ನು ಮುಟ್ಟಲಿಲ್ಲ. ಒಳಗೇ ಎಲ್ಲ ಕೇಳಿಸಿಕೊಂಡ ಅತ್ತೆ ಹೊರಗೆ ಬಂದರು, ಬುಟ್ಟಿಯನ್ನು ನೋಡಿದರು, ಅವ್ವನನ್ನು ನೋಡಿದರು, ಕುಕ್ಕರಿಸಿ ಕೂತು ಗಂಟು ಬಿಚ್ಚಿದರು. “ಬೀಗ್ತಿ, ಬಯಕಿ ಬಸರಿಗಷ್ಟ ಇರ್ತಾವೇನ್ರಿ? ಜಡ್ಡಾದಾಕಿಗೂ ಇರ್ತಾವ. ತಿನ್ನು ಪಾರೂ” ಎಂದು ಕರ್ಚಿಕಾಯಿ ಮುರಿದು ನನ್ನ ಬಾಯಿಗಿಟ್ಟರು. ಬೆಲ್ಲ, ಕೊಬ್ಬರಿ, ನನ್ನ ಕಣ್ಣೀರು, ಎಲ್ಲ ಕೂಡಿ ಒಳಗೆ ಹೋಯಿತು.

ಆಮೇಲೆ ಅವ್ವ ನನ್ನನ್ನು ಕರೆದುಕೊಂಡು ಹೋಗುವ ಮಾತು ತೆಗೆದಳು. ಅದೂ ಪದ್ಧತಿಯೇ. ಜಡ್ಡು ಬಿದ್ದ ಸೊಸೆಯನ್ನು ತವರಿಗೆ ಕಳಿಸುತ್ತಾರೆ, ಗುಣವಾದರೆ ಕರೆತರುತ್ತಾರೆ. ಗುಣವಾಗದಿದ್ದರೆ ಕರೆಯಲು ಯಾರೂ ಬರುವುದಿಲ್ಲ, ಕೆಲ ದಿನಕ್ಕೆ ಆ ಮನೆಯಲ್ಲಿ ಇನ್ನೊಂದು ಮದುವೆ. ನನ್ನ ತವರಿನ ಓಣಿಯಲ್ಲೇ ಹಾಗೆ ಬಂದು ಉಳಿದವಳೊಬ್ಬಳಿದ್ದಳು. ಅವಳು ಹಬ್ಬದ ದಿನವೂ ಹೊರಗೆ ಬರುತ್ತಿರಲಿಲ್ಲ. ನನಗೆ ಜಡ್ಡಿಗಿಂತ ಅದರ ಅಂಜಿಕೆ ಹೆಚ್ಚು. ಅತ್ತೆಗೆ ಅದು ತಿಳಿಯಿತೋ ಏನೋ, “ಮೊದಲು ದವಾಖಾನಿಗೆ ಹೋಗೂಣು, ತವರು ಎಲ್ಲಿ ಓಡಿ ಹೋಗ್ತೈತಿ?” ಎಂದರು.

ಕೊಪ್ಪಳದ ಸರ್ಕಾರಿ ದವಾಖಾನೆಗೆ ಬಂಡಿ ಕಟ್ಟಿದರು. ಹೊರಗಿನ ಕಟ್ಟೆಯ ಮೇಲೆ ನನ್ನ ಹಾಗೆ ಕಾಯುವವರು ಬಹಳ ಜನ. ಒಬ್ಬಳು ಕೆಮ್ಮುತ್ತಿದ್ದಳು, ಒಬ್ಬ ಮುದುಕ ಕಣ್ಣಿಗೆ ಅರಿವೆ ಕಟ್ಟಿಕೊಂಡಿದ್ದ. ಎಲ್ಲರೂ ನನ್ನನ್ನೇ ನೋಡಿದರು. ಬಾಗಿಲಲ್ಲಿದ್ದ ಚಪರಾಸಿ ನನ್ನ ನಡಿಗೆ ನೋಡಿ, “ಏನವ್ವಾ, ಮುಂಜಾನೆ ಮುಂಜಾನೆ ಸಿಂದಿ ಕುಡಿಸಿ ತಂದೀರೇನು?” ಎಂದ. ಅತ್ತೆಯ ಕೈ ನನ್ನ ನಡುವಿನ ಮೇಲಿತ್ತು, ಅದು ಬಿಗಿಯಾಯಿತು. “ಕುಡದ್ರ ನಾ ಕುಡೀತೀನಪ್ಪಾ, ಇಂಥಾ ಮಾತು ಕೇಳೂಕಿಂತ. ದಾರಿ ಬಿಡು” ಎಂದರು. ಕೆಮ್ಮುತ್ತಿದ್ದವಳು ಸರಿದು ನನಗೆ ಕೂರಲು ಜಾಗ ಮಾಡಿಕೊಟ್ಟಳು. ನನ್ನ ತೊಡೆಯ ಮೇಲೆ ಕೈಯಿಟ್ಟು ಕೂತಳು. ಅವಳ ಹೆಸರು ಗೊತ್ತಿಲ್ಲ, ಆ ಕೈಯ ಬಿಸಿ ಗೊತ್ತಿದೆ.

ಡಾಕ್ಟರ್ ಸಾಹೇಬರು ವಯಸ್ಸಾದವರು, ಬಿಳಿ ಗಡ್ಡ, ಕನ್ನಡದ ನಡುವೆ ಉರ್ದು. ನನ್ನ ಬೆರಳಿನಿಂದ ನನ್ನದೇ ಮೂಗು ಮುಟ್ಟಲು ಹೇಳಿದರು. ನಾನು ಕೆನ್ನೆ ತಿವಿದುಕೊಂಡೆ. ಆಮೇಲೆ ತಮ್ಮ ತೊಡೆಯ ಮೇಲೆ ಅಂಗೈ, ಮುಂಗೈ, ಅಂಗೈ, ಮುಂಗೈ ಎಂದು ಚಕಚಕ ಬಡಿದು ತೋರಿಸಿ, ಹಾಗೆ ಮಾಡು ಎಂದರು. ನನ್ನ ಕೈ ಗೊಂದಲಕ್ಕೆ ಬಿತ್ತು.

“ಕೈಯಿಂದ ಏನು ಕೆಲಸ ಮಾಡ್ತಿದ್ದಿ ಬೇಟಿ?”

“ರೊ... ಟ್ಟಿ” ಎಂದೆ.

ಅವರು ಎದ್ದು ನನ್ನ ಹಿಂದೆ ಬಂದರು. ಆಮೇಲೆ ನನ್ನ ತಲೆಯ ಹಿಂದೆ, ತುರುಬಿನ ಕೆಳಗೆ, ಕೈಯಿಟ್ಟರು. “ಇಲ್ಲಿ ಒಂದು ಸಣ್ಣ ಮೆದುಳು ಐತಿ. ದೊಡ್ಡದು ಮುಂದ, ಸಣ್ಣದು ಹಿಂದ. ನಡಿ ಅಂತ ಹುಕುಂ ಕೊಡೂದು ದೊಡ್ಡದು. ಆದ್ರ ಎಷ್ಟು ಮುಂದ, ಎಷ್ಟು ಜೋರು, ಎಲ್ಲಿ ನಿಲ್ಲಬೇಕು ಅಂತ ನೋಡ್ಕೊಳ್ಳೂದು ಈ ಸಣ್ಣದು. ಕೈಯಾಗ ತಾಕತ್ತು ಐತಿ. ಕಾಲಾಗ ಐತಿ. ಇದಕ್ಕ ಮಾತ್ರ ಜ್ವರದಾಗ ಪೆಟ್ಟು ಬಿದ್ದೈತಿ.”

ಅವ್ವ ಕಣ್ಣು ಕಣ್ಣು ಬಿಟ್ಟಳು. ಅತ್ತೆ ಮಾತ್ರ ಗಲ್ಲಕ್ಕೆ ಕೈ ಹಚ್ಚಿ ಯೋಚಿಸಿ, “ಅಂದ್ರ, ತಾ ಕೆಲಸ ಮಾಡಂಗಿಲ್ಲ, ಹಿಂದ ನಿಂತು ಹಂಗಲ್ಲ ಹಿಂಗ, ಸಾಕು, ಸಾವಕಾಶ ಅನ್ಕೋತ ಇರ್ತೈತಿ?” ಎಂದರು.

“ಹಾಂ, ಬರೋಬ್ಬರಿ!”

“ಹಂಗಾದ್ರ ತಲಿಯೊಳಗ ಒಬ್ಬಾಕಿ ಅತ್ತಿ ಅದಾಳ ಅನ್ರಿ!”

ಸಾಹೇಬರು ಗಡ್ಡ ಅಲ್ಲಾಡುವ ಹಾಗೆ ನಕ್ಕರು. ಕಂಪೌಂಡರ್ ನಕ್ಕ. ಎಷ್ಟೋ ದಿನದ ಮೇಲೆ ನಾನೂ ನಕ್ಕೆ, ನಗುವೂ ವಾಲಿಕೊಂಡೇ ಬಂತು. “ಒಳಗಿನ ಅತ್ತಿ ಜಡ್ಡು ಬಿದ್ದಾಳವ್ವಾ” ಎಂದರು ಸಾಹೇಬರು. “ಅಕಿ ಏಳೂತನಕ ಹೊರಗಿನ ಅತ್ತಿ ಅಕಿ ಕೆಲಸ ಮಾಡ್ಬೇಕು. ಮಲಗಿಸಿ ಇಡಬ್ಯಾಡ್ರಿ. ಗೊತ್ತಿದ್ದ ಕೆಲಸ ಸಾವಕಾಶ ಮಾಡಸ್ರಿ, ಹಿಂದ ಒಬ್ರು ನಿಂದರ್ರಿ.” ಪೂರಾ ಗುಣವಾಗುತ್ತದೆಯೇ ಎಂದು ಅವ್ವ ಕೇಳಿದಳು. “ಹಿಂಗಾದವ್ರು ಭಾಳ ಮಂದಿ ಆರಾಮ ಆಗ್ಯಾರ. ಎಲ್ಲಾರೂ ಅಂತ ಹೇಳಾಕ ಬರಂಗಿಲ್ಲ. ಅಲ್ಲಾನ ಮರ್ಜಿ” ಎಂದರು. ಸುಳ್ಳು ಹೇಳದ್ದಕ್ಕೆ ಅವರ ಮೇಲೆ ನನಗೆ ಆಗ ಸಿಟ್ಟು ಬಂದಿತ್ತು, ಆಮೇಲೆ ಪ್ರೀತಿ ಬಂತು.

ಅವ್ವ ಒಬ್ಬಳೇ ಮಂಗಳೂರಿಗೆ ಮರಳಿದಳು. ಅತ್ತೆ ಹಳೆಯ ಸೀರೆಯೊಂದನ್ನು ನನ್ನ ನಡುವಿಗೆ ಸುತ್ತಿ, ಅದರ ಇನ್ನೊಂದು ತುದಿ ತಮ್ಮ ಮುಷ್ಟಿಯಲ್ಲಿ ಹಿಡಿದರು. ನಾನು ಮುಂದೆ, ಅವರು ಹಿಂದೆ, ಹೋರಿ ಹೊಡೆದ ಹಾಗೆ. ವಾಲಿದರೆ ಎಳೆದು ನಿಲ್ಲಿಸುತ್ತಿದ್ದರು. “ಸಾವಕಾಶ. ಅಯ್ಯ, ಅಷ್ಟ್ಯಾಕ ಜಿಗೀತಿ? ಹಾಂ, ಈಗ ಬಂತು ನೋಡು ದಾರಿ.” ನಮ್ಮ ಮನೆಯವರು ಅಡುಗೆಮನೆಯಿಂದ ಹಿತ್ತಲಿನವರೆಗೆ ಗೂಟ ನೆಟ್ಟು ಸೊಂಟದೆತ್ತರಕ್ಕೆ ಹಗ್ಗ ಕಟ್ಟಿದರು. ಹಾದಿಹೋಕರು ಎಮ್ಮೆ ತಂದಿರೇನು ಎಂದು ಕೇಳಿದರೆ, “ಹ್ಞೂಂ, ಮಂಗಳೂರ ಎಮ್ಮಿ, ಹಿಂಡಾಕ ಕೊಡಂಗಿಲ್ಲ” ಎನ್ನುತ್ತಿದ್ದರು. ನನಗೆ ಸಿಟ್ಟು ಬಂದು ಬೈಯಹೋದರೆ ಬೈಗುಳ ಅರ್ಧಕ್ಕೇ ಎಡವುತ್ತಿತ್ತು. ಅವರು ಉಳಿದರ್ಧ ತಾವೇ ಹೇಳಿ ಮುಗಿಸುತ್ತಿದ್ದರು. ರೊಟ್ಟಿಯ ಹಲಗೆ ಮತ್ತೆ ಅತ್ತೆಯ ಮುಂದೆ ಹೋಯಿತು. ಮಾವ ದಪ್ಪ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿಂದು, ಏನೂ ಅನ್ನದೆ ಎದ್ದು ಹೋಗುತ್ತಿದ್ದರು. ಅವರು ಅನ್ನದೆ ಇದ್ದದ್ದೇ ನನ್ನನ್ನು ಕೊರೆಯುತ್ತಿತ್ತು.

ಭತ್ತ ತೆನೆಯೊಡೆದ ಹೊತ್ತಿಗೆ ಕುಷ್ಟಗಿಯಿಂದ ಮಾವನ ಅಕ್ಕ ಸಂಗವ್ವ ಬಂದರು. ದೊಡ್ಡ ಕುಂಕುಮ, ದೊಡ್ಡ ದನಿ. ಅವರ ಮಾತಿಗೆ ಆ ಮನೆಯಲ್ಲಿ ಯಾರೂ ಎದುರಾಡಿದ್ದಿಲ್ಲ. ಹಗ್ಗ ಹಿಡಿದು ಬರುತ್ತಿದ್ದ ನನ್ನನ್ನು ಮೇಲೆ ಕೆಳಗೆ ನೋಡಿ, “ತಮ್ಮಾ, ಇಕಿನ್ನ ತವರಿಗೆ ಕಳಸು. ಆರಾಮಾದ್ರ ಆಗಲಿ. ನನ್ನ ಮೈದುನನ ಮಗಳು ಅದಾಳ, ನೋಡೂಣು” ಎಂದರು. ನಾನು ಕೇಳುವಂತೆಯೇ ಹೇಳಿದರು. ಆಮೇಲೆ ನಮ್ಮ ಮನೆಯವರ ಕಡೆ ತಿರುಗಿದರು. “ನೀ ಏನಂತಿ?”

ನಮ್ಮ ಮನೆಯವರು ಅವರಿಗೆ ಅಂಜುತ್ತಿದ್ದರು. ನೆಲ ನೋಡುತ್ತಲೇ ಅಂದರು, “ನಾ ಹಗ್ಗ ಕಟ್ಟೀನತ್ತಿ, ಬಿಚ್ಚಂಗಿಲ್ಲ.”

“ಹುಚ್ಚ ಅದೀ. ರೊಟ್ಟಿಗಂತ ತಂದ ಸೊಸಿ ಇಕಿ. ನಾಳೆ ಇಕಿ ಕೈಯಾಗಿನ ರೊಟ್ಟಿ ನಾ ತಿಂತೀನಿ. ಬಂದ್ರ ಇರಲಿ. ಬರಲಿಲ್ಲಂದ್ರ ಬಂಡಿ ಕಟ್ಟು.” ಮಾವ ಮೀಸೆ ಸವರುತ್ತಾ ಕೂತರು.

ಮರುದಿನ ಅತ್ತೆ ಅಡುಗೆಮನೆಯ ಕದ ಮುಂದೆ ಮಾಡಿ ನನ್ನನ್ನು ಹಲಗೆಯ ಬದಿಗೆ ಕೂಡಿಸಿದರು. ತುಟಿಗೆ ಬೆರಳಿಟ್ಟು, ಸುಮ್ಮನಿರು ಎಂದು ಸನ್ನೆ ಮಾಡಿ ತಾವೇ ಬಡಿಯತೊಡಗಿದರು. ಎಂದೂ ಇಲ್ಲದ ಹುರುಪಿನಿಂದ, ನನ್ನ ಹಾಗೆ ಕೈ ತಿರುಗಿಸಲು ನೋಡುತ್ತಾ. ಹಣೆಯಿಂದ ಬೆವರು ಇಳಿಯಿತು. ರೊಟ್ಟಿ ಒಂದು ಕಡೆ ಕಿವಿಯಂತೆ ಬೆಳೆಯಿತು, ಇನ್ನೊಂದು ಕಡೆ ಹರಿಯಿತು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆ ರೊಟ್ಟಿಯನ್ನೇ ನನ್ನ ಕೈಯದೆಂದು ಸಂಗವ್ವನ ಗಂಗಾಳಕ್ಕೆ ಹಾಕಿದರು.

ಸಂಗವ್ವ ಮುರಿದರು. ಮುರಿಯಲು ಎರಡು ಕೈ ಬೇಕಾದವು. “ಇದು ಮಂಗಳೂರ ಕೈದಲ್ಲ” ಎಂದರು. “ಸಪ್ಪಳಾನೂ ಅಲ್ಲ.”

ಅತ್ತೆ ಸೆರಗಿನಿಂದ ಹಿಟ್ಟಿನ ಕೈ ಒರೆಸುತ್ತಾ ಹೊರಗೆ ಬಂದರು. ಗಂಡನ ಅಕ್ಕನ ಮುಖ ನೋಡಿ ಅವರು ಮಾತಾಡಿದ್ದನ್ನು ನಾನು ಅದೇ ಮೊದಲು ಕಂಡದ್ದು.

“ಹೌದ್ರಿ ಅಕ್ಕಾರ. ಇದು ನನ್ನ ಕೈದು. ನಾ ಬಂದಾಗಿಂದ ಈ ಮನಿಯಾಗ ಇಂಥಾವ ರೊಟ್ಟಿ ತಿಂದೀರಿ. ಬೈದ್ರಿ, ನಕ್ರಿ, ತಿಂದ್ರಿ. ರೊಟ್ಟಿ ಬರಂಗಿಲ್ಲಂತ ನನ್ನ ಯಾರರ ಬಂಡಿ ಹತ್ತಿಸಿ ಕಳಿಸಿದ್ರೇನ್ರಿ?”

ಅತ್ತೆ ಅಷ್ಟಕ್ಕೇ ನಿಲ್ಲಿಸಲಿಲ್ಲ. “ನಂಗ ಕೈ ಬರಲಾರದಕ್ಕ ಜಡ್ಡೂ ಇದ್ದಿಲ್ಲ. ಇಕಿಗೆ ಜಡ್ಡು ಐತಿ. ಇಕಿ ಹೋದ್ರ, ಮೊದಲು ನಾ ಬಂಡಿ ಹತ್ತೂದು ನ್ಯಾಯ.”

ಮಾವ ತಮ್ಮ ಗಂಗಾಳ ಹತ್ತಿರ ಎಳೆದುಕೊಂಡರು. “ಅಕ್ಕಾ, ರೊಟ್ಟಿ ಆರಾಕತ್ತೈತಿ. ಉಣ್ಣು” ಎಂದರು.

ಸಂಗವ್ವ ಪುಂಡಿಪಲ್ಯ ಹಾಕಿಸಿಕೊಂಡು ಉಂಡರು. ಎರಡನೆಯ ರೊಟ್ಟಿಯನ್ನೂ ಉಂಡರು. ಬಂಡಿಯ ಮಾತು ಮತ್ತೆ ಬರಲಿಲ್ಲ.

ನಾನು ಒಂದೇ ಸಲಕ್ಕೆ ಗುಣವಾಗಲಿಲ್ಲ. ಮೊದಲು ಲೋಟ ತುಟಿಗೆ ತಾಗಿತು. ಸುಗ್ಗಿಯ ಹೊತ್ತಿಗೆ ಹಗ್ಗ ಬಿಟ್ಟು ನಡೆದೆ, ಹಗ್ಗ ಮಾತ್ರ ಬಹಳ ಕಾಲ ಅಲ್ಲೇ ಇತ್ತು, ಬಟ್ಟೆ ಒಣಹಾಕಲು. ಈಗಲೂ ಗಕ್ಕನೆ ತಿರುಗಿದರೆ ಗೋಡೆ ಬೇಕು. ಸಿಟ್ಟು ಬಂದರೆ ನಾಲಗೆ ಎಡವುತ್ತದೆ, ಅದಕ್ಕೇ ಸಾವಕಾಶ ಬೈಯುವುದು ಕಲಿತಿದ್ದೇನೆ. ಓಣಿಯ ಆ ತಾಯಿಗೆ ನಾನು ಹೇಳಿದ್ದು ಇಷ್ಟೇ, ಹಿಂದೆ ನಿಲ್ಲು. ಡಾಕ್ಟರರು ಹೇಳಿದ್ದು ಮಾಡು, ಮತ್ತೆ ಹಿಂದೆ ನಿಲ್ಲು.

ಆ ವರ್ಷದ ಯುಗಾದಿ ಇನ್ನೂ ಮುಂದಿತ್ತು. ಒಂದು ಮುಂಜಾನೆ ಹಲಗೆಯ ಮುಂದೆ ಕೂತ ನನ್ನ ಕೈಯಿಂದ ತಾನಾಗಿಯೇ ಆ ಸಪ್ಪಳ ಹೊರಟಿತು. ಒಂದೇ ಸಮನೆ, ಎಡವದೆ. ರೊಟ್ಟಿ ಕೈಯ ಕೆಳಗೆ ತಿರುಗುತ್ತಾ ಬೆಳೆಯಿತು. ಅಳು ಬಂತು, ಆದರೆ ಕೈ ನಿಲ್ಲಿಸಲು ಅಂಜಿಕೆ, ನಿಂತರೆ ಮತ್ತೆ ಬರುತ್ತದೋ ಇಲ್ಲವೋ. ಪಡಸಾಲೆಯಿಂದ ಮಾವ ಕೂಗಿದರು, “ಬಂತು ನೋಡ್ರಿ ಸಪ್ಪಳ!”

ತೆಳ್ಳನೆಯ ರೊಟ್ಟಿ ಅವರ ಗಂಗಾಳಕ್ಕೆ ಹಾಕಿದೆ. ಉಂಡರು, ಹೊಗಳಿದರು, ಇನ್ನೊಂದು ಉಂಡರು. ಆಮೇಲೆ ಬೆರಳು ನೆಕ್ಕುತ್ತಾ, ಯಾರ ಮುಖವನ್ನೂ ನೋಡದೆ ಕೇಳಿದರು. “ಪಾರವ್ವಾ, ನಿಮ್ಮತ್ತಿ ಕೈಯಾಗಿಂದು ಒಂದು ಐತೇನು? ರೂಢಿ ಆಗಿಬಿಟ್ಟೈತಿ.”

“ಅಯ್ಯ, ಇವರ ಬುದ್ಧಿಗಿಷ್ಟು!” ಎಂದರು ಅತ್ತೆ. ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡರು. ಆದರೆ ನನ್ನನ್ನು ಸರಿಸಿ ಹಲಗೆಯ ಮುಂದೆ ಕೂತೇ ಬಿಟ್ಟರು. ನಾನು ಎದ್ದು, ಹಗ್ಗವಿಲ್ಲದೆ, ಗೋಡೆಯಿಲ್ಲದೆ, ಹೋಗಿ ಅವರ ಹಿಂದೆ ನಿಂತೆ.

“ಯಾಕ ಹಿಂದ ನಿಂತೀ?” ಎಂದರು, ತಿರುಗದೆ.

“ಸುಮ್ಮನ ನಿಂತೀನ್ರಿ ಅತ್ತಿ” ಎಂದೆ. ಮೂರೂ ಮಾತು ಎಡವದೆ ಬಂದವು.